ಹಾವು ನುಂಗಿದ ಲೆಕ್ಕ

ನಮ್ಮ ಬೀದಿಯ ತುದಿಮನೆಯ ಮೂರನೇ ಮಹಡಿಯಲ್ಲಿ ನೈಜೀರಿಯಾದ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಎಂಬಿಎಯೋ ಎಂಸಿಎಯೋ ಓದುತ್ತಿದ್ದಾನೆ. ಊರು ಯಾವುದಪ್ಪಾ ಎಂದು ಒಮ್ಮೆ ಕೇಳಿದೆ. ಮಕುರ್ಡಿ ಎಂದ. ನನ್ನ ಮುಖದಲ್ಲಿ ಏನೂ ಮೂಡದ್ದನ್ನು ಕಂಡು, "ಹಾವು ದುಡ್ಡು ನುಂಗಿತಲ್ಲ ಅಂಕಲ್, ಅದೇ ಊರು" ಎಂದ. ಹಾಸನದವರು ಬೇಲೂರು, ಹಳೇಬೀಡು ಎಂದು ಊರಿನ ಗುರುತು ಹೇಳುವ ಧಾಟಿಯಲ್ಲೇ ಹೇಳಿದ.

ಕಥೆ ಹೀಗಿದೆ. ನೈಜೀರಿಯಾದಲ್ಲಿ ಜಾಂಬ್ ಎಂಬ ಸರ್ಕಾರಿ ಸಂಸ್ಥೆಯಿದೆ. ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ನಡೆಸುವುದು ಅದರ ಕೆಲಸ, ನಮ್ಮ ಸಿಇಟಿ ಇದ್ದ ಹಾಗೆ. ಅರ್ಜಿ ಹಾಕುವ ಮಕ್ಕಳು ಮೊದಲೆಲ್ಲ ಅದರ ಕಚೇರಿಯಲ್ಲಿ ಉಜ್ಜುವ ಕಾರ್ಡು ಕೊಳ್ಳಬೇಕಿತ್ತು. ಆ ದುಡ್ಡು ಕಚೇರಿಯ ತಿಜೋರಿ ಸೇರಬೇಕಿತ್ತು. ಮಕುರ್ಡಿ ಕಚೇರಿಗೆ ಲೆಕ್ಕ ತಪಾಸಣೆಯವರು ಬಂದು, 3 ಕೋಟಿ 60 ಲಕ್ಷ ನೈರಾ ಎಲ್ಲಮ್ಮಾ ಎಂದು ಗುಮಾಸ್ತೆಯನ್ನು ಕೇಳಿದರು. ಹಾವು ನುಂಗಿತು ಎಂದರು ಆಕೆ. ಹುಲ್ಲುಪೊದೆಯಿಂದ ದಾರಿ ತಪ್ಪಿ ಬಂದ ಸಾಮಾನ್ಯ ಹಾವಲ್ಲ, ಮನೆಕೆಲಸದವಳೂ ಸಹೋದ್ಯೋಗಿಯೊಬ್ಬರೂ ಸೇರಿ ಮಾಟ ಮಾಡಿ ಕಳಿಸಿದ ಹಾವು. ಇದು ಸುದ್ದಿಯಾದದ್ದು 2018ರ ಫೆಬ್ರವರಿಯಲ್ಲಿ. ತಪಾಸಣೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ಖರ್ಚಿನ ಪಟ್ಟಿಯಲ್ಲಿ ಸಾದಿಲ್ವಾರು ಇರುತ್ತದೆ, ಪ್ರಯಾಣಭತ್ಯೆ ಇರುತ್ತದೆ, ಹಾವಿಗೆಂದು ಕಾಲಂ ಇರುವುದಿಲ್ಲ.

ಆ ದೇಶದ ಜನ ಇಂಥ ವಿಷಯಕ್ಕೆ ಅಳುತ್ತಾ ಕೂರುವವರಲ್ಲ. ಶೆಹು ಸಾನಿ ಎಂಬ ಸೆನೆಟರ್ ಹಾವಾಡಿಗರನ್ನು ಕರೆದುಕೊಂಡು ರಾಜಧಾನಿ ಅಬುಜಾದ ಜಾಂಬ್ ಪ್ರಧಾನ ಕಚೇರಿಗೇ ಹೋಗಿ, ಹಾವು ಹಿಡಿಸಿಕೊಡಲು ನಾವು ತಯಾರು ಎಂದು ನಿಂತರು. ಭ್ರಷ್ಟರ ಬೆನ್ನು ಹತ್ತುವ ಇಎಫ್‌ಸಿಸಿ ಎಂಬ ತನಿಖಾ ಸಂಸ್ಥೆಯ ಲಾಂಛನದಲ್ಲಿ ಹದ್ದಿನ ಚಿತ್ರವಿದೆ. ದುಡ್ಡು ನುಂಗುವ ಹಾವಿಗೆ ಹದ್ದು ಕರುಣೆ ತೋರದು ಎಂಬರ್ಥದಲ್ಲಿ ಅದು ಟ್ವೀಟ್ ಮಾಡಿತು. ಗರುಡನಿಗೂ ಸರ್ಪಕ್ಕೂ ಇರುವ ವೈರ ನಮ್ಮ ಪುರಾಣದ ಆಸ್ತಿ ಎಂದು ತಿಳಿದಿದ್ದ ನನಗೆ ತುಸು ಇರುಸುಮುರುಸಾಯಿತು.

ನನಗೆ ಹಾವಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಲೆಕ್ಕ. ಇದೇ ಜಾಂಬ್‌ಗೆ ಹೊಸ ಮುಖ್ಯಸ್ಥರು ಬಂದ ಮೇಲೆ ಒಂದೇ ವರ್ಷದಲ್ಲಿ ಸರ್ಕಾರದ ಖಜಾನೆಗೆ 500 ಕೋಟಿ ನೈರಾಗೂ ಹೆಚ್ಚು ಕಟ್ಟಿದರು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಕಟ್ಟುತ್ತಿದ್ದದ್ದು ಇದರ ಮುಂದೆ ದೇವಸ್ಥಾನದ ಹುಂಡಿಗೆ ಹಾಕುವ ಚಿಲ್ಲರೆ. ಮಕ್ಕಳು ಅಷ್ಟೇ, ಪರೀಕ್ಷೆ ಅದೇ. ಹಾಗಾದರೆ ಹಿಂದಿನ ಕಾಲದಲ್ಲಿ ಎಷ್ಟು ಹಾವುಗಳಿದ್ದವು, ಅವೆಲ್ಲ ಈಗ ಎಲ್ಲಿ ನಿವೃತ್ತಿ ವೇತನ ಪಡೆಯುತ್ತಿವೆ?

ಹಾವೊಂದೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ತಿಂಗಳು ಅದೇ ಸೆನೆಟರ್ ಇನ್ನೊಂದು ಬಾಂಬು ಹಾಕಿದರು: ಉತ್ತರದ ಸೆನೆಟರುಗಳ ಕೂಟಕ್ಕೆ ಸೇರಿದ 7 ಕೋಟಿ ನೈರಾವನ್ನು ಸಹೋದ್ಯೋಗಿಯೊಬ್ಬರ ತೋಟದ ಮನೆಯಿಂದ ಕೋತಿಗಳು ಹೊತ್ತುಕೊಂಡು ಹೋದವಂತೆ. ತೋಟದವರು ಅಲ್ಲಗಳೆದರು. ಕೋತಿಗಳು ಹೇಳಿಕೆ ಕೊಡಲಿಲ್ಲ. ಮರುವರ್ಷ ಹಬ್ಬದ ಸಮಯದಲ್ಲಿ ಕಾನೋ ಪಟ್ಟಣದ ಮೃಗಾಲಯದ ಟಿಕೆಟ್ ದುಡ್ಡು 68 ಲಕ್ಷ ನೈರಾ ಕಾಣೆಯಾಯಿತು. ಗೊರಿಲ್ಲಾ ನುಂಗಿತೆಂದು ಸುದ್ದಿ ಹಬ್ಬಿತು, ಪೊಲೀಸರು ಕೆಲವು ಮನುಷ್ಯರನ್ನು ಒಯ್ದರು. ಇದ್ದುದರಲ್ಲಿ ಇದೇ ವಾಸಿ. ಮೃಗಾಲಯವೆಂದ ಮೇಲೆ ಪ್ರಾಣಿಗಳಾದರೂ ನಿಜವಾಗಿ ಇರುತ್ತವೆ.

2022ರಲ್ಲಿ ಗೆದ್ದಲಿನ ಸರದಿ ಬಂತು. ಕಾರ್ಮಿಕರ ಸಾಮಾಜಿಕ ವಿಮೆಯ ನಿಧಿಯೊಂದು 2013ರಲ್ಲಿ ಖರ್ಚು ಮಾಡಿದ 1,715 ಕೋಟಿ ನೈರಾದ ವೋಚರುಗಳನ್ನು ತೋರಿಸಿ ಎಂದು ಸೆನೆಟ್ ಸಮಿತಿ ಕೇಳಿತು. ಕಾಗದಗಳನ್ನು ಕಂಟೇನರಿನಲ್ಲಿಟ್ಟು ಬೀಗ ಹಾಕಿದ್ದೆವು, ಇಷ್ಟು ಹೊತ್ತಿಗೆ ಗೆದ್ದಲು ತಿಂದಿರಬಹುದು ಎಂಬ ಉತ್ತರ ಬಂತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ನಾವು ಅದನ್ನು ಗಾದೆ ಮಾಡಿಕೊಂಡೆವು. ಅವರು ಇಲಾಖೆಗಳನ್ನಾಗಿ ಮಾಡಿಕೊಂಡಿದ್ದಾರೆ.

ಈ ಸಂತತಿಯಲ್ಲಿ ಅತ್ಯುನ್ನತ ಪದವಿಗೇರಿದ್ದು ಇಲಿ. 2017ರ ಮೇ 7ರಂದು ಅಧ್ಯಕ್ಷ ಮುಹಮ್ಮದು ಬುಹಾರಿ ಚಿಕಿತ್ಸೆಗೆಂದು ಲಂಡನ್ನಿಗೆ ಹೋದರು; ಮರಳಿದ್ದು ಆಗಸ್ಟ್ 19ಕ್ಕೆ. ಬಂದವರು ಕಚೇರಿಗೆ ಬರಲಿಲ್ಲ, ಮನೆಯಿಂದಲೇ ಕೆಲಸ ಶುರು ಮಾಡಿದರು. ಏಕೆಂದರೆ ಅವರಿಲ್ಲದಾಗ ಇಲಿಗಳು ಕಚೇರಿಯ ಪೀಠೋಪಕರಣ, ಎಸಿ ಎಲ್ಲ ಹಾಳು ಮಾಡಿವೆ ಎಂದು ವಕ್ತಾರ ಗರ್ಬಾ ಶೆಹು ದೇಶಕ್ಕೆ ತಿಳಿಸಿದರು. ಲೋಕವೆಲ್ಲ ನಕ್ಕಿತು. ಎಂಟು ವರ್ಷದ ನಂತರ, 2025ರಲ್ಲಿ, ಅದೇ ವಕ್ತಾರರು ಪುಸ್ತಕ ಬರೆದು ಇಲಿಯ ಕಥೆ ಕಟ್ಟಿದ್ದು ತಾನೇ, ಅಧ್ಯಕ್ಷರ ಆರೋಗ್ಯದ ಬಗ್ಗೆ ಜನ ಕೇಳುತ್ತಿದ್ದ ಪ್ರಶ್ನೆಗಳನ್ನು ಬೇರೆಡೆಗೆ ತಿರುಗಿಸಲು ಎಂದು ಒಪ್ಪಿಕೊಂಡರು. ಇಲಿಗಳ ಮಾನ ಅಂತೂ ಉಳಿಯಿತು. ಹಾವು, ಕೋತಿ, ಗೊರಿಲ್ಲಾಗಳ ವಕ್ತಾರರು ಯಾವಾಗ ಪುಸ್ತಕ ಬರೆಯುತ್ತಾರೋ ಕಾದಿದ್ದೇನೆ.

ಇಷ್ಟು ಪ್ರಾಣಿಗಳಲ್ಲಿ ತಾನೇ ಠಾಣೆಯ ಮೆಟ್ಟಿಲು ಹತ್ತಿದ್ದು ಒಂದೇ ಒಂದು, ಮೇಕೆ. ಅದೂ ಇವೆಲ್ಲಕ್ಕಿಂತ ಮುಂಚೆ, 2009ರ ಜನವರಿಯಲ್ಲಿ, ಕ್ವಾರಾ ರಾಜ್ಯದಲ್ಲಿ. ಮಾಜ್ದಾ ಕಾರು ಕದಿಯಲು ಬಂದವನು ಸಿಕ್ಕಿಬೀಳುವ ಹೊತ್ತಿಗೆ ಮಂತ್ರ ಹಾಕಿ ಮೇಕೆಯಾದನೆಂದು ಊರ ಕಾವಲಿನವರು ಒಂದು ಮೇಕೆಯನ್ನು ತಂದೊಪ್ಪಿಸಿದರು. ಮನುಷ್ಯ ಮೇಕೆಯಾಗುವುದು ವೈಜ್ಞಾನಿಕವಾಗಿ ಸಾಬೀತಾಗಬೇಕು, ಅಲ್ಲಿಯವರೆಗೆ ಖಚಿತವಾಗಿ ಏನೂ ಹೇಳಲಾರೆವು ಎಂದ ಪೊಲೀಸರು ಮೇಕೆಯನ್ನು ಮಾತ್ರ ವಶದಲ್ಲೇ ಇಟ್ಟುಕೊಂಡರು. ಕೋಟಿ ನುಂಗಿದ ಹಾವು ಮಾಯ; ಕದಿಯಲಾಗದೆ ಹೋದ ಹಳೇ ಕಾರಿಗೆ ಮೇಕೆ ಒಳಗೆ. ಕಾನೂನು ಯಾರಿಗೆ ಕಚ್ಚುತ್ತದೆಂದು ಮೇಕೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲಿ ಎಂದಾಗ ಪಂಚತಂತ್ರದ ಕಥೆ ನೆನಪಾಗದ ಕನ್ನಡಿಗ ಇರಲಿಕ್ಕಿಲ್ಲ. ವ್ಯಾಪಾರಿಯೊಬ್ಬ ತನ್ನ ಕಬ್ಬಿಣದ ತಕ್ಕಡಿಯನ್ನು ಗೆಳೆಯನಲ್ಲಿ ಇಟ್ಟು ದೇಶಾಂತರ ಹೋಗುತ್ತಾನೆ. ಮರಳಿ ಬಂದು ಕೇಳಿದರೆ, ಅಯ್ಯೋ, ಇಲಿ ತಿಂದುಬಿಟ್ಟಿತಲ್ಲಪ್ಪಾ ಎನ್ನುತ್ತಾನೆ ಗೆಳೆಯ. ಇವನು ಜಗಳ ಮಾಡುವುದಿಲ್ಲ. ಸ್ನಾನಕ್ಕೆಂದು ಗೆಳೆಯನ ಮಗನನ್ನು ಹೊಳೆಗೆ ಕರೆದುಕೊಂಡು ಹೋಗಿ ಬಚ್ಚಿಟ್ಟು, ಗಿಡುಗ ಹೊತ್ತುಕೊಂಡು ಹೋಯಿತು ಎನ್ನುತ್ತಾನೆ. ಆ ಗಿಡುಗದ ವಿಚಾರಕ್ಕೆ ಆಮೇಲೆ ಬರುತ್ತೇನೆ. ನೈಜೀರಿಯಾದಲ್ಲೂ ಅದು ಹಾರಾಡುತ್ತಿದೆ.

ಪ್ರಾಣಿಗಳು ಸಿಗದ ಕಾಲದಲ್ಲಿ ಅವರು ಏನು ಮಾಡುತ್ತಿದ್ದರು? ಆಗ ಹೆಸರಿಲ್ಲದ ಮನುಷ್ಯ ಇದ್ದ. 1977ರ ಫೆಬ್ರವರಿಯಲ್ಲಿ ಲಾಗೋಸಿನಲ್ಲಿ ಸಾವಿರದಷ್ಟು ಸೈನಿಕರು ಹಾಡುಗಾರ ಫೆಲಾ ಕುಟಿಯ ಮನೆಗೆ ನುಗ್ಗಿ ಸುಟ್ಟುಹಾಕಿದರು. ಅವನ ವೃದ್ಧ ತಾಯಿಯನ್ನು ಕಿಟಕಿಯಿಂದ ಎಸೆದರು, ಮರುವರ್ಷ ಆಕೆ ತೀರಿಕೊಂಡರು. ವಿಚಾರಣೆ ನಡೆಸಿದ ಆಯೋಗ ಇದು ಗುರುತು ಸಿಗದ ಸೈನಿಕನ ಕೆಲಸ ಎಂದಿತು. 2020ರ ಅಕ್ಟೋಬರ್‌ನಲ್ಲಿ ಸಾರ್ಸ್ ಎಂಬ ಪೊಲೀಸು ಪಡೆಯ ಕಿರುಕುಳ ಸಾಕಾಗಿ ಯುವಕರು ಬೀದಿಗಿಳಿದರು. ಸರ್ಕಾರ ಸಾರ್ಸನ್ನು ರದ್ದು ಮಾಡಿ ಎರಡೇ ದಿನಕ್ಕೆ ಸ್ವಾಟ್ ಎಂಬ ಹೊಸ ಹೆಸರಿನ ಪಡೆ ಪ್ರಕಟಿಸಿತು. ಅಕ್ಟೋಬರ್ 20ರ ರಾತ್ರಿ ಲೆಕ್ಕಿ ಟೋಲ್ ಗೇಟಿನಲ್ಲಿ ಕುಳಿತಿದ್ದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಲಾಗೋಸ್ ಸರ್ಕಾರವೇ ನೇಮಿಸಿದ ಸಮಿತಿ, ಇದನ್ನು ಹತ್ಯಾಕಾಂಡ ಎನ್ನಬಹುದು ಎಂದು ಬರೆಯಿತು. ಕೇಂದ್ರದ ವಾರ್ತಾ ಸಚಿವರು ಮಾತ್ರ, ಹೆಣಗಳೇ ಇಲ್ಲದ ಹತ್ಯಾಕಾಂಡ ಎಂದು ಲೇವಡಿ ಮಾಡಿದರು. ಅಲ್ಲಿ ಹಾವನ್ನೂ ಕರೆಸಬೇಕಾಗಲಿಲ್ಲ.

ಸಂಸತ್ತಿನ ಕಡೆ ಬಂದರೆ ಮನಸ್ಸು ಹಗುರಾಗುತ್ತದೆ. 2020ರ ಜುಲೈನಲ್ಲಿ ನೈಜರ್ ನದೀಮುಖದ ಅಭಿವೃದ್ಧಿ ಆಯೋಗದ ದುಡ್ಡು ಎಲ್ಲಿ ಹೋಯಿತೆಂದು ಸಂಸದೀಯ ಸಮಿತಿ ವಿಚಾರಿಸುತ್ತಿತ್ತು. ಆಯೋಗದ ಹಂಗಾಮಿ ಮುಖ್ಯಸ್ಥರು ಪ್ರಶ್ನೆಗಳ ನಡುವೆ ಕುರ್ಚಿಯಲ್ಲೇ ಮೂರ್ಛೆ ಹೋದರು. ನಮ್ಮವರು ಸಮನ್ಸ್ ಬಂದ ರಾತ್ರಿ ಎದೆನೋವೆಂದು ಆಸ್ಪತ್ರೆ ಸೇರುತ್ತಾರೆ. ಇದು ನೇರಪ್ರಸಾರದಲ್ಲೇ ಆಯಿತು, ಅದೊಂದು ಹೆಚ್ಚುಗಾರಿಕೆ. ಖಾತೆಯ ಸಚಿವ ಗಾಡ್ಸ್‌ವಿಲ್ ಅಕ್ಪಾಬಿಯೋ ಮೂರ್ಛೆ ಹೋಗಲಿಲ್ಲ. ಗುತ್ತಿಗೆಗಳು ಹೆಚ್ಚಾಗಿ ಸಿಕ್ಕಿದ್ದು ಯಾರಿಗೆ ಅಂದಿರಿ, ಸಂಸದರಿಗೇ ಎಂದು ಶುರು ಮಾಡಿದರು. ಸಾಕು ಮಂತ್ರಿಗಳೇ, ಮೈಕ್ ಆಫ್ ಮಾಡಿ, ಮೈಕ್ ಆಫ್ ಮಾಡಿ ಎಂದು ಸಮಿತಿಯವರೇ ಅಂಗಲಾಚಿದರು. ನೈಜೀರಿಯಾದ ಪಡ್ಡೆಗಳು ಇವತ್ತಿಗೂ ಗುಟ್ಟು ಬಯಲಾಗುವ ಹೊತ್ತಿಗೆ 'ಆಫ್ ಯುವರ್ ಮೈಕ್' ಎನ್ನುತ್ತಾರೆ.

ಆ ಅಕ್ಪಾಬಿಯೋ 2023ರ ಜೂನಿನಲ್ಲಿ ಸೆನೆಟ್ಟಿನ ಅಧ್ಯಕ್ಷರಾದರು. ಆಗಸ್ಟಿನಲ್ಲಿ ಸದನ ರಜೆಗೆ ಹೊರಟಾಗ, ರಜೆ ಚೆನ್ನಾಗಿ ಕಳೆಯಲೆಂದು ಎಲ್ಲರ ಖಾತೆಗೂ ಸಣ್ಣ ಕಾಣಿಕೆ ಹಾಕಿಸಿದ್ದೇವೆ ಎಂದು ಮೈಕಿನಲ್ಲಿ ಹೇಳಿಬಿಟ್ಟರು. ಟಿವಿ ನೇರಪ್ರಸಾರ ಚಾಲೂ ಇದೆ ಎಂದು ಪಕ್ಕದವರು ಎಚ್ಚರಿಸಿದ ಮೇಲೆ, ಆ ಮಾತು ಹಿಂದೆಗೆದುಕೊಂಡೆ, ನಿಮ್ಮ ಮೇಲ್‌ಬಾಕ್ಸಿಗೆ ಪ್ರಾರ್ಥನೆಗಳನ್ನು ಕಳಿಸಲಾಗಿದೆ ಎಂದು ತಿದ್ದಿದರು. ಇಂಥ ಪ್ರಾರ್ಥನೆ ಫಲಿಸಿದ್ದನ್ನು ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ನೋಡಬಹುದು, ಹರಕೆ ಹೊರುವ ಗೊಡವೆಯೂ ಇಲ್ಲ.

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಸಂಜೆ ಎರಡು ಗಂಟೆ ಕರೆಂಟು ಹೋಯಿತು. ನಾವೆಲ್ಲ ಗೇಟಿಗೆ ಬಂದು ವ್ಯವಸ್ಥೆಗೆ ಹಿಡಿಶಾಪ ಹಾಕುತ್ತಾ ನಿಂತೆವು. ದೀಪ ಹತ್ತಿದ ಕ್ಷಣ ಮೂರನೇ ಮಹಡಿಯಿಂದ "ಅಪ್ ನೇಪಾ!" ಎಂಬ ಕೂಗು ಕೇಳಿತು. ಏನಯ್ಯಾ ಅದು ಎಂದರೆ, ಹುಡುಗ ನಾಚಿಕೊಂಡ. ಅಲ್ಲಿ ಕರೆಂಟು ಬಂದಾಗ ಮಕ್ಕಳು ಮರಿಯೆಲ್ಲ ಹೀಗೆ ಕೂಗುತ್ತಾರಂತೆ. ಹುಟ್ಟಿದಾಗಿನಿಂದ ಅಭ್ಯಾಸ, ನಾಲಿಗೆ ತಾನಾಗಿಯೇ ಹೊರಳುತ್ತದೆ.

ನೇಪಾ ಎಂದರೆ 1972ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿ. ಜನ ಅದರ ನಾಲ್ಕಕ್ಷರವನ್ನು 'ನೆವರ್ ಎಕ್ಸ್‌ಪೆಕ್ಟ್ ಪವರ್ ಆಲ್ವೇಸ್' ಎಂದು ಬಿಡಿಸಿಕೊಂಡರು, ಕರೆಂಟು ಸದಾ ಇರುತ್ತದೆಂದು ನೆಚ್ಚಬೇಡ ಎಂದು. 2005ರಲ್ಲಿ ಸರ್ಕಾರ ಅದಕ್ಕೆ ಪಿಎಚ್‌ಸಿಎನ್ ಎಂದು ನಾಮಕರಣ ಮಾಡಿತು. ಜನ ಅದನ್ನೂ ಬಿಡಿಸಿದರು: 'ಪ್ರಾಬ್ಲಮ್ ಹ್ಯಾಸ್ ಚೇಂಜ್ಡ್ ನೇಮ್', ಸಮಸ್ಯೆ ಹೆಸರು ಬದಲಿಸಿದೆ. 2013ರಲ್ಲಿ ತುಂಡು ತುಂಡು ಮಾಡಿ ಖಾಸಗಿಯವರಿಗೆ ಮಾರಿದರು. ಮಂಡಳಿ ಸತ್ತು ಇಪ್ಪತ್ತು ವರ್ಷವಾಯಿತು, ಜಯಕಾರ ಮಾತ್ರ ನಿಂತಿಲ್ಲ. 20 ಕೋಟಿಗೂ ಹೆಚ್ಚು ಜನರ ದೇಶದ ಗ್ರಿಡ್ಡಿನಲ್ಲಿ ಹರಿಯುವುದು ನಾಲ್ಕೈದು ಸಾವಿರ ಮೆಗಾವ್ಯಾಟ್. ಏಳು ಕೋಟಿಯಷ್ಟಿರುವ ನಾವು ಕರ್ನಾಟಕದವರು ಬೇಸಗೆಯ ಒಂದು ಹಗಲಿಗೆ 17 ಸಾವಿರ ದಾಟಿಸಿ, ಸಾಲದೆಂದು ಗೊಣಗುತ್ತೇವೆ. 2024ರಲ್ಲಿ ಆ ಗ್ರಿಡ್ಡು ಹನ್ನೊಂದೋ ಹನ್ನೆರಡೋ ಸಲ ಕುಸಿದುಬಿತ್ತು. ತಿಂಗಳಿಗೊಂದು, ಅಮಾವಾಸ್ಯೆಯ ಹಾಗೆ.

ಆದ್ದರಿಂದ ಮನೆಮನೆಯಲ್ಲೂ ಜನರೇಟರು. ಬಡವರು ಕೊಳ್ಳುತ್ತಿದ್ದ ಕೈಯಲ್ಲಿ ಎತ್ತಬಹುದಾದ ಪುಟ್ಟ ಜನರೇಟರಿಗೆ ಜನ ಇಟ್ಟ ಹೆಸರು 'ಐ ಬೆಟರ್ ಪಾಸ್ ಮೈ ನೇಬರ್'. ಅಂದರೆ, ಪಕ್ಕದ ಮನೆಯವನಿಗಿಂತ ನಾನೇ ವಾಸಿ. ಯಂತ್ರಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಹೆಸರು ಇನ್ನೊಂದಿಲ್ಲ. ಸರ್ಕಾರ ಬೆಳಕು ಕೊಡಲಿಲ್ಲ ಎಂಬ ಸಿಟ್ಟು ಪಕ್ಕದವನ ಕತ್ತಲೆ ಕಂಡೊಡನೆ ಅರ್ಧ ಇಳಿಯುತ್ತದಲ್ಲ. ಕರೆಂಟು ನಮ್ಮದೇ, ಬೋರ್‌ವೆಲ್ಲು ನಮ್ಮದೇ, ಗೇಟಿನ ಕಾವಲುಗಾರ ನಮ್ಮವನೇ, ಮನೆಮುಂದಿನ ರಸ್ತೆಯ ಗುಂಡಿಗೆ ಮಣ್ಣು ಹಾಕಿಸುವವರೂ ನಾವೇ ಎಂದ ಹುಡುಗ. ಸಂವಿಧಾನದ ಪ್ರಕಾರ ಅಲ್ಲಿ 774 ಸ್ಥಳೀಯ ಸರ್ಕಾರಗಳಿವೆ. ಅವನ ಲೆಕ್ಕದಲ್ಲಿ ಮನೆಗೊಂದು.

2024ರ ಏಪ್ರಿಲ್‌ನಲ್ಲಿ ಕರೆಂಟಿಗೊಂದು ವರ್ಣಾಶ್ರಮವೂ ಗಟ್ಟಿಯಾಗಿ ಕೂತಿತು. ಗ್ರಾಹಕರಲ್ಲಿ ಐದು ಪಟ್ಟಿಗಳು: ಎ ಪಟ್ಟಿಯವರಿಗೆ ದಿನಕ್ಕೆ ಕನಿಷ್ಠ 20 ತಾಸು ಕರೆಂಟು, ಇ ಪಟ್ಟಿಯವರಿಗೆ 4 ತಾಸು. ಎ ಪಟ್ಟಿಯವರ ದರ ಯೂನಿಟ್ಟಿಗೆ 68 ನೈರಾದಿಂದ ಒಂದೇ ನೆಗೆತಕ್ಕೆ 225ಕ್ಕೆ ಏರಿತು. ನಿಮ್ಮದು ಯಾವ ಪಟ್ಟಿ ಎಂದು ಗಂಡಿನ ಕಡೆಯವರು ವಿಚಾರಿಸುವ ದಿನ ದೂರವಿಲ್ಲ. ಇಷ್ಟೆಲ್ಲ ವ್ಯವಸ್ಥೆ ಮಾಡಿದ ಸರ್ಕಾರ ತನ್ನ 2025ರ ಬಜೆಟ್ಟಿನಲ್ಲಿ ಅಧ್ಯಕ್ಷರ ನಿವಾಸಕ್ಕೆ ಸೌರ ವಿದ್ಯುತ್ ಅಳವಡಿಸಲು 1,000 ಕೋಟಿ ನೈರಾ ಎತ್ತಿಟ್ಟಿತು. ಅಧ್ಯಕ್ಷರೂ ಕೊನೆಗೆ ಪಕ್ಕದ ಮನೆಯವರಿಗಿಂತ ವಾಸಿಯಾದರು.

ಈ ಅಧ್ಯಕ್ಷರು ಬೋಲಾ ಟಿನುಬು. ಈಗ ನನ್ನ ಸರದಿ ಎಂದು ಯೊರುಬಾ ಭಾಷೆಯಲ್ಲಿ ಘೋಷಿಸಿ ಪಕ್ಷದ ಟಿಕೆಟ್ ಪಡೆದವರು. 2023ರ ಫೆಬ್ರವರಿಯ ಚುನಾವಣೆಯಲ್ಲಿ ನೋಂದಾಯಿತ ಮತದಾರರು 9 ಕೋಟಿ ಮೀರಿದ್ದರು; ಗೆದ್ದ ಟಿನುಬು ಅವರಿಗೆ ಬಿದ್ದದ್ದು 88 ಲಕ್ಷದಷ್ಟು ಮತ. ಮೇ 29ರಂದು ಪ್ರಮಾಣವಚನ ಸ್ವೀಕರಿಸಿದ ವೇದಿಕೆಯಲ್ಲೇ ಪೆಟ್ರೋಲ್ ಸಬ್ಸಿಡಿ ಮುಗಿಯಿತು ಎಂದರು. ಲೀಟರಿಗೆ ಇನ್ನೂರರ ಒಳಗಿದ್ದ ಬೆಲೆ ದಿನ ಕಳೆಯುವುದರೊಳಗೆ ಐನೂರರ ಆಸುಪಾಸು ಹೋಯಿತು, ಮರುವರ್ಷ ಸಾವಿರ ದಾಟಿತು. ಆ ದೇಶದ ಬುಡದಲ್ಲಿ ಎಣ್ಣೆ ಸಿಕ್ಕಿದ್ದು 1956ರಲ್ಲಿ, ಒಲೊಯಿಬಿರಿ ಎಂಬ ಹಳ್ಳಿಯಲ್ಲಿ. ಸರ್ಕಾರಿ ಸಂಸ್ಕರಣಾ ಘಟಕಗಳು ನಾಲ್ಕಿದ್ದವು. ನಾಲ್ಕೂ ವರ್ಷಗಟ್ಟಲೆ ರಿಪೇರಿಯಲ್ಲಿದ್ದವು. ತನ್ನ ಕಚ್ಚಾ ಎಣ್ಣೆಯನ್ನು ಹೊರಗೆ ಮಾರಿ, ಹೊರಗಿನಿಂದ ಪೆಟ್ರೋಲ್ ಕೊಂಡು ತರುತ್ತಿದ್ದದ್ದು, ಮನೆಯ ಹಾಲು ಡೇರಿಗೆ ಹಾಕಿ ಕಾಫಿಗೆ ಪ್ಯಾಕೆಟ್ ತಂದ ಹಾಗೆ. 2024ರಲ್ಲಿ ಕನಿಷ್ಠ ವೇತನ ತಿಂಗಳಿಗೆ 70,000 ನೈರಾಗೆ ಏರಿತು. 50 ಕಿಲೋ ಅಕ್ಕಿಮೂಟೆ ಅದಕ್ಕಿಂತ ಮುಂದೆ ಏರಿ ಕಾದಿತ್ತು. ಅದೇ ವರ್ಷ ಮೇ 29ಕ್ಕೆ ಸರ್ಕಾರ ಜನರ ಕಷ್ಟಕ್ಕೆ ಸ್ಪಂದಿಸಿ ರಾಷ್ಟ್ರಗೀತೆಯನ್ನು ಬದಲಿಸಿತು. ತಾವೇ ಬರೆದುಕೊಂಡಿದ್ದ 1978ರ ಗೀತೆಯನ್ನು ಬಿಟ್ಟು, 1960ರಲ್ಲಿ ಬ್ರಿಟಿಷ್ ಹೆಂಗಸೊಬ್ಬರು ಬರೆದುಕೊಟ್ಟಿದ್ದ ಹಳೆಯದಕ್ಕೆ ಮರಳಿದರು. ಮಸೂದೆ ವಾರದೊಳಗೆ ಪಾಸಾಯಿತು. ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ ನಿಜ, ಆದರೆ ಎದ್ದು ನಿಲ್ಲಬೇಕಾದ್ದರಿಂದ ಹಸಿವು ಸ್ವಲ್ಪ ಹೊತ್ತು ಮರೆಯುತ್ತದೆ.

ಇನ್ನು ಗಿಡುಗ.

"ನಮ್ಮ ಕ್ಲಾಸಿನಲ್ಲಿದ್ದವರೆಲ್ಲ ಜಾಪಾ ಮಾಡಿದರು ಅಂಕಲ್" ಎಂದ ಹುಡುಗ. ನನಗೆ ಜಪ ಎಂದೇ ಕೇಳಿಸಿತು. ಜಾಪಾ ಎಂದರೆ ಯೊರುಬಾದಲ್ಲಿ ಓಡಿಹೋಗು, ಕಂಬಿ ಕೀಳು. ನನ್ನ ಕಿವಿ ಮಾಡಿದ ತಪ್ಪೂ ದೊಡ್ಡದೇನಲ್ಲ. ಬೆಳಗಿನ ಜಾವ ಎದ್ದು ಕೂರುವುದು, ಒಪ್ಪೊತ್ತು ಉಣ್ಣುವುದು, ಒಂದೇ ನಮೂನೆಯನ್ನು ನೂರೆಂಟು ಸಲ ತುಂಬುವುದು, ಕೊನೆಗೆ ಕೌಂಟರಿನ ಆಚೆ ಕೂತ ದೇವರು ಒಲಿದರೆ ಒಲಿದ, ಇಲ್ಲವೆಂದರೆ ಇಲ್ಲ. ಆಡಳಿತ, ಶಾಲೆ, ಕೋರ್ಟು ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುವ ದೇಶದ ಹುಡುಗರು, ತಮಗೆ ಇಂಗ್ಲಿಷ್ ಬರುತ್ತದೆಂದು ತೋರಿಸಲು ದುಬಾರಿ ಫೀ ಕಟ್ಟಿ ಐಇಎಲ್‌ಟಿಎಸ್ ಬರೆಯಬೇಕು. ಇಂಗ್ಲಿಷ್ ಕಲಿಸಿ ಹೋದವರೇ ಅದನ್ನು ಕೇಳುವುದು. ಗುರುದಕ್ಷಿಣೆ ಎಂದುಕೊಂಡರೆ ಸಮಾಧಾನ.

ಬ್ರಿಟನ್ನಿನ ವೈದ್ಯರ ನೋಂದಣಿ ಪುಸ್ತಕದಲ್ಲಿ ನೈಜೀರಿಯಾದಲ್ಲಿ ಕಲಿತವರೇ 10,000 ಮೀರಿದ್ದಾರೆ. ಇದನ್ನು ತಡೆಯಲು 2023ರಲ್ಲಿ ಒಬ್ಬ ಸಂಸದರು ಮಸೂದೆ ತಂದರು: ಹೊಸ ಡಾಕ್ಟರು ಐದು ವರ್ಷ ದೇಶದಲ್ಲೇ ದುಡಿಯದ ಹೊರತು ಪೂರ್ಣ ಪರವಾನಗಿ ಇಲ್ಲ. ಹಾವಿಗೆ ಬೀಗ ಹಾಕಲಾರದವರು ಡಾಕ್ಟರಿಗೆ ಬೀಗ ಹಾಕಹೊರಟರು. ಒಳಗೆ ಉಳಿದವರ ಪಾಡು ಏನೆಂದರೆ, ದೇಶದ ಹೆಸರಾಂತ ಇಬಾದಾನಿನ ವಿಶ್ವವಿದ್ಯಾಲಯ ಆಸ್ಪತ್ರೆಗೆ 2024ರ ಅಕ್ಟೋಬರ್ ಕೊನೆಯಿಂದ ಮೂರು ತಿಂಗಳ ಮೇಲೆ ಕರೆಂಟೇ ಇರಲಿಲ್ಲ. ಬಿಲ್ಲಿನ ಬಾಕಿಗಾಗಿ ಕಂಪನಿಯವರು ಫ್ಯೂಸು ಕಿತ್ತಿದ್ದರು.

ದೊರೆಗಳ ಜಾಪಾ ಬೇರೆ ಬಗೆಯದು, ಅದಕ್ಕೆ ವೀಸಾ ಕ್ಯೂ ಇಲ್ಲ. ಎಂಟು ವರ್ಷ ದೇಶವಾಳಿದ ಬುಹಾರಿ ಮೈ ನೋವಾದಾಗಲೆಲ್ಲ ಲಂಡನ್ನಿಗೆ ಹೋದರು, 2025ರ ಜುಲೈ 13ರಂದು ಕೊನೆಯುಸಿರೆಳೆದದ್ದೂ ಅಲ್ಲೇ. ಸತ್ತವರ ಬಗ್ಗೆ ಕಟುವಾಗಿ ಆಡಬಾರದು. ಆಸ್ಪತ್ರೆಯಲ್ಲಿ ಅವರ ನಾಡಿ ಹಿಡಿದ ಡಾಕ್ಟರು ಎಲ್ಲಿ ಓದಿದವರೋ ಎಂಬ ಯೋಚನೆ ಮಾತ್ರ ಬಂದೇ ಬರುತ್ತದೆ.

ನ್ಯಾಯಕ್ಕೂ ಲಂಡನ್ನೇ ಗತಿ. ಡೆಲ್ಟಾ ರಾಜ್ಯದ ಮಾಜಿ ಗವರ್ನರ್ ಜೇಮ್ಸ್ ಇಬೋರಿ ಮೇಲೆ ಸ್ವದೇಶದಲ್ಲಿ 170 ಆರೋಪಗಳಿದ್ದವು. 2009ರಲ್ಲಿ ಅಲ್ಲಿನ ಕೋರ್ಟು ನೂರಾ ಎಪ್ಪತ್ತನ್ನೂ ಕೈಬಿಟ್ಟಿತು. ಅದೇ ಮನುಷ್ಯ 2012ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ತಾನೇ ತಪ್ಪೊಪ್ಪಿಕೊಂಡರು, 13 ವರ್ಷ ಶಿಕ್ಷೆಯಾಯಿತು. ಒಂದೊಂದು ಊರಿನ ನೀರು ಒಂದೊಂದು ಥರ. ಶಿಕ್ಷೆ ಮುಗಿಸಿ 2017ರಲ್ಲಿ ಊರಿಗೆ ಬಂದಾಗ ಜನ ಕುಣಿದು ಕುಪ್ಪಳಿಸಿ ಬರಮಾಡಿಕೊಂಡರು. ನೆರೆಯ ಬಯೆಲ್ಸಾ ರಾಜ್ಯದ ಗವರ್ನರ್ ಅಲಾಮಿಯೆಸೀಘಾ 2005ರಲ್ಲಿ ಲಂಡನ್ನಿನಲ್ಲಿ ಬಂಧನವಾಗಿ ಜಾಮೀನಿನ ಮೇಲಿದ್ದವರು, ಒಂದು ದಿನ ಇದ್ದಕ್ಕಿದ್ದಂತೆ ಊರಲ್ಲಿ ಪ್ರತ್ಯಕ್ಷರಾದರು. ಹೆಣ್ಣುವೇಷ ಹಾಕಿ ತಪ್ಪಿಸಿಕೊಂಡರೆಂದು ಸುದ್ದಿ, ಅವರು ಅಲ್ಲಗಳೆದರು. ನಮ್ಮ ಕರಾವಳಿಯಲ್ಲಿ ಅಂಥ ಸ್ತ್ರೀವೇಷಕ್ಕೆ ಸನ್ಮಾನವಾಗುತ್ತದೆ. ಅವರಿಗೆ 2013ರಲ್ಲಿ ಕ್ಷಮಾದಾನವಾಯಿತು. ಕೊಟ್ಟವರು ಹಿಂದೊಮ್ಮೆ ಅವರ ಕೈಕೆಳಗೆ ಉಪಗವರ್ನರ್ ಆಗಿದ್ದ ಅಧ್ಯಕ್ಷ ಗುಡ್‌ಲಕ್ ಜೊನಾಥನ್.

ಓಡಿಹೋದವರಾಯಿತು, ಇನ್ನು ಓಡಿಸಲ್ಪಟ್ಟವರು. ನಮ್ಮ ಬಸ್ ಸ್ಟ್ಯಾಂಡುಗಳಲ್ಲೂ ಕಾಣುವ ಚೌಕುಳಿ ಗೆರೆಯ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ನೈಜೀರಿಯಾದಲ್ಲಿ 'ಘಾನಾ ಮಸ್ಟ್ ಗೋ' ಎಂದು ಹೆಸರು. 1983ರಲ್ಲಿ ಎಣ್ಣೆ ಬೆಲೆ ಬಿದ್ದು ಊರಲ್ಲಿ ಕೆಲಸ ಕಡಿಮೆಯಾದಾಗ, ನಮ್ಮ ಅನ್ನ ಕಿತ್ತುಕೊಳ್ಳುತ್ತಿದ್ದಾರೆಂದು ಅಲ್ಲಿನ ಸರ್ಕಾರ ಹತ್ತು ಲಕ್ಷಕ್ಕೂ ಮೀರಿ ಘಾನಾದವರನ್ನು ವಾರಗಳೊಳಗೆ ಹೊರಗಟ್ಟಿತು. ಅವರು ಗಂಟು ಕಟ್ಟಿಕೊಂಡು ಹೋದದ್ದು ಈ ಚೀಲದಲ್ಲಿ. ಅದಕ್ಕೆ ಮೊದಲು, 1969ರಲ್ಲಿ, ಘಾನಾ ನೈಜೀರಿಯಾದವರನ್ನು ಹೊರಗಟ್ಟಿತ್ತು. 2019ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಂಗಡಿಗಳಿಗೆ ಬೆಂಕಿ ಬಿದ್ದು ನೈಜೀರಿಯಾದವರು ವಿಮಾನ ಹತ್ತಿ ಊರಿಗೆ ಬಂದರು. 2025ರಲ್ಲಿ ಘಾನಾದ ಆಕ್ರಾ ನಗರದ ಬೀದಿಯಲ್ಲಿ ಮತ್ತೆ, ನೈಜೀರಿಯಾದವರು ಹೋಗಲಿ ಎಂಬ ಮೆರವಣಿಗೆ ನಡೆಯಿತು. ಚೀಲದ ಗತಿ ಏನಾಯಿತು ಅಂದಿರಾ? ಅದಕ್ಕೆ ಅಬುಜಾದಲ್ಲಿ ಬಡ್ತಿ ಸಿಕ್ಕಿತು. 'ಘಾನಾ ಮಸ್ಟ್ ಗೋ' ಎಂದರೆ ಈಗ ರಾಜಕಾರಣಿಗಳ ಕೈಯಿಂದ ಕೈಗೆ ದಾಟುವ ನೋಟಿನ ಚೀಲ. ಬಡವನನ್ನು ಓಡಿಸಿದ ಚೀಲದಲ್ಲೇ ಬಡವನ ದುಡ್ಡೂ ಓಡುತ್ತದೆ.

ನಕ್ಕದ್ದು ಸಾಕು, ಬೆಂಗಳೂರಿಗೂ ಬರೋಣ. ಹುಡುಗ ಬಾಡಿಗೆಗೆ ಬಂದ ವಾರ ಮನೆಯೊಡತಿ ನನ್ನನ್ನು ತಡೆದು, "ಸಾರ್, ಅವನು ನೈಜೀರಿಯಾದವನಂತೆ, ಏನೂ ತೊಂದರೆ ಇಲ್ವಾ?" ಎಂದರು. ಹತ್ತು ತಿಂಗಳ ಅಡ್ವಾನ್ಸು ಆಗಲೇ ಎಣಿಸಿಕೊಂಡಾಗಿತ್ತು. ನಮಗೆ ಆಫ್ರಿಕಾ ಖಂಡದಲ್ಲಿರುವ ಐವತ್ತನಾಲ್ಕು ದೇಶಕ್ಕೂ ಒಂದೇ ಹೆಸರು. ಕಾಂಗೋದವನು ಸಿಕ್ಕಿಬಿದ್ದರೂ ನೈಜೀರಿಯಾ ಪ್ರಜೆ, ಉಗಾಂಡದವಳು ತರಕಾರಿ ಕೊಂಡರೂ ನೈಜೀರಿಯಾದವಳು. 2016ರ ಜನವರಿಯಲ್ಲಿ ಹೆಸರಘಟ್ಟದ ಬಳಿ ಸುಡಾನಿನವನೊಬ್ಬನ ಕಾರು ಅಪಘಾತ ಮಾಡಿತೆಂದು, ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಹಿಡಿದು ಹೊಡೆದ ಊರು ನಮ್ಮದು. ಸುಡಾನಿಗೂ ತಾಂಜಾನಿಯಾಕ್ಕೂ ನಡುವಿನ ಅಂತರ ಹೊಡೆಯುವವನ ಕೈಗೆ ಗೊತ್ತಾಗಲಿಲ್ಲ. ದೆಹಲಿಯಲ್ಲಿ ಯಾರಾದರೂ ನಮ್ಮನ್ನು ಮದ್ರಾಸಿ ಎಂದರೆ ಮಾತ್ರ ನಮಗೆ ಕದಂಬರು, ಹಲ್ಮಿಡಿ ಶಾಸನ, ಎಂಟು ಜ್ಞಾನಪೀಠ ಎಲ್ಲವೂ ಒಟ್ಟಿಗೇ ನೆನಪಾಗುತ್ತವೆ.

ಹುಡುಗನ ಅಪ್ಪ ಮಕುರ್ಡಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದಾರೆ. ಮಗನನ್ನು ಇಲ್ಲಿಗೆ ಕಳಿಸುವಾಗ ಡಾಲರಿಗೆ 460 ನೈರಾ ಇತ್ತು. 2023ರ ಜೂನಿನಲ್ಲಿ ನೈರಾವನ್ನು ಮಾರುಕಟ್ಟೆಗೆ ಬಿಟ್ಟರು, ಮರುವರ್ಷ ಅದು 1,500 ದಾಟಿತು. ಅಪ್ಪನ ಸಂಬಳ ಅಷ್ಟೇ, ಮಗನ ಫೀ ಮೂರರಷ್ಟು. ಇದನ್ನು ಯಾವ ಹಾವು ನುಂಗಿತೆಂದು ಮನೆಯವರಿಗೆ ಯಾರೂ ಹೇಳಿಲ್ಲ. ಓದು ಮುಗಿಸಿ ಊರಿಗೆ ಹೋಗುತ್ತೀಯಾ ಎಂದು ಕೇಳಿದೆ. ಕೆನಡಾಕ್ಕೆ ಅರ್ಜಿ ಹಾಕಿದ್ದೇನೆ ಎಂದ.

ಪಂಚತಂತ್ರದಲ್ಲಿ ಇಬ್ಬರೂ ನ್ಯಾಯಾಧಿಕಾರಿಗಳ ಮುಂದೆ ಹೋಗುತ್ತಾರೆ. ಇಲಿ ಕಬ್ಬಿಣ ತಿನ್ನುವ ಊರಿನಲ್ಲಿ ಗಿಡುಗ ಹುಡುಗನನ್ನು ಒಯ್ಯುವುದರಲ್ಲಿ ಏನಾಶ್ಚರ್ಯ ಎಂದಾಗ ಸಭೆ ನಗುತ್ತದೆ, ತಕ್ಕಡಿ ಇವನಿಗೆ, ಮಗ ಅವನಿಗೆ ಎಂದು ತೀರ್ಪಾಗುತ್ತದೆ. ನೈಜೀರಿಯಾದಲ್ಲಿ ತಕ್ಕಡಿ ಸಿಕ್ಕಿಲ್ಲ. ಗಿಡುಗದ ಗೂಡಿನಲ್ಲಿ ಕೂತ ಹುಡುಗರು ಲಂಡನ್, ಹ್ಯೂಸ್ಟನ್, ಟೊರಾಂಟೋಗಳಿಂದ ವರ್ಷಕ್ಕೆ ಸುಮಾರು 2,000 ಕೋಟಿ ಡಾಲರ್ ಮನೆಗೆ ಕಳಿಸುತ್ತಾರೆ. ಅಪ್ಪನ ಔಷಧಿಗೆ, ತಂಗಿಯ ಜಾಂಬ್ ಫೀಗೆ, ಜನರೇಟರಿನ ಪೆಟ್ರೋಲಿಗೆ. ಹೊರಗಿರುವವರಿಗೆ ವೋಟಿಲ್ಲ, ಅವರ ಡಾಲರಿಗೆ ಮಾತ್ರ ಸ್ವಾಗತವಿದೆ. ಇವರ ಜೊತೆಗೆ ನಿಷ್ಠೆಯಿಂದ ಊರಿಗೆ ದುಡ್ಡು ಕಳಿಸುವ ಇನ್ನೊಬ್ಬ ಅನಿವಾಸಿ ಇದ್ದಾರೆ: 1998ರಲ್ಲಿ ತೀರಿಕೊಂಡ ಸರ್ವಾಧಿಕಾರಿ ಸಾನಿ ಅಬಾಚಾ. ಅವರು ಸ್ವಿಟ್ಜರ್ಲೆಂಡ್, ಜೆರ್ಸಿ ಎಂದು ಅಲ್ಲಲ್ಲಿ ಬಚ್ಚಿಟ್ಟಿದ್ದು ಎರಡು ದಶಕಕ್ಕೂ ಮೀರಿ ಕಂತುಕಂತಾಗಿ ಬರುತ್ತಲೇ ಇದೆ. ಆ ದುಡ್ಡು ಮರಳಿ ಬಂದ ಮೇಲೆ ಎಲ್ಲಿ ಹೋಗುತ್ತದೆಂದು ಹುಡುಗನನ್ನು ಕೇಳಿದೆ. ನಕ್ಕ. "ಮಕುರ್ಡಿ ಕಡೆ ನೋಡಬೇಡಿ ಅಂಕಲ್" ಎಂದ.

ನಿನ್ನೆ ಸಂಜೆ ಮಳೆಗೆ ಮತ್ತೆ ಕರೆಂಟು ಹೋಯಿತು. ಮುಕ್ಕಾಲು ಗಂಟೆಗೆ ಬಂತು. ಹುಡುಗ ಇನ್ನೂ ಕಾಲೇಜಿನಿಂದ ಮರಳಿರಲಿಲ್ಲ. ಕೆಳಗಿನ ಮನೆಯ ಎರಡನೇ ಕ್ಲಾಸಿನ ಹುಡುಗಿ ಬಾಲ್ಕನಿಗೆ ಓಡಿ ಬಂದು, ಬೀದಿಗೆಲ್ಲ ಕೇಳುವಂತೆ "ಅಪ್ ನೇಪಾ!" ಎಂದು ಕೂಗಿದಳು. ಎದುರುಮನೆಯ ಇಬ್ಬರು ಮಕ್ಕಳು ಕಿಟಕಿಯಿಂದ ಓಗೊಟ್ಟರು.